ರಾವಣನಿಗೆ ಮೋಸ ಆಯಿತೋ, ಇಲ್ಲವೋ?



ಹೋದ ವಾರ ಊಟದ ಬಿಡುವಿನಲ್ಲಿ ನಮ್ಮ ತರಗತಿಯಲ್ಲಿ ದೊಡ್ಡ ವಾದ ನಡೆಯಿತು. ಸುರು ಮಾಡಿದವ ಕಾರವಾರ ಕಡೆಯಿಂದ ಬಂದು ನಮ್ಮ ಶಾಲೆ ಸೇರಿದ ಗೆಳೆಯ. "ರಾವಣ ಸಿಟ್ಟಿನಿಂದ ಎಸೆದ ಆತ್ಮಲಿಂಗದ ಕರಡಿಗೆ ನಮ್ಮ ಸಜ್ಜೇಶ್ವರದಲ್ಲಿ ಬಿದ್ದದೆ. ನಿಮ್ಮ ಅಂಕೋಲೆಗೆ ಎಂತ ಬಿದ್ದದೆ ಹೇಳು?" ಅಂತ ಕೇಳಿದ.

ಯಾರಿಗೂ ಉತ್ತರ ಬರಲಿಲ್ಲ. ಗೋಡೆಯ ಮೇಲಿನ ಜಿಲ್ಲಾ ನಕಾಶೆ ನೋಡಿದೆವು. ಲಿಂಗ ಉಳಿದದ್ದು ಗೋಕರ್ಣದಲ್ಲಿ, ದಾರ ಬಿದ್ದದ್ದು ಧಾರೇಶ್ವರದಲ್ಲಿ. ಎರಡೂ ಕುಮಟಾ ತಾಲೂಕು. ಮುಚ್ಚಳ ಬಿದ್ದ ಗುಣವಂತೆ ಹೊನ್ನಾವರಕ್ಕೆ, ಬಟ್ಟೆ ಬಿದ್ದ ಮುರುಡೇಶ್ವರ ಭಟ್ಕಳಕ್ಕೆ ಸೇರಿದೆ. ಕರಾವಳಿಯ ಐದು ತಾಲೂಕುಗಳಲ್ಲಿ ಬರಿಗೈಯಲ್ಲಿ ಉಳಿದದ್ದು ಅಂಕೋಲೆ ಒಂದೇ! ಕಾರವಾರಕ್ಕೆ ಹೋದ ಕರಡಿಗೆ ನಮ್ಮ ತಲೆಯ ಮೇಲೇ ಹಾರಿ ಹೋಗಿರಬೇಕು.

ಆಮೇಲೆ ಒಬ್ಬೊಬ್ಬರದು ಒಂದೊಂದು ತರ್ಕ. ಬಟ್ಟೆ ಎಲ್ಲಕ್ಕಿಂತ ಹಗುರ, ಆದರೂ ಎಲ್ಲಕ್ಕಿಂತ ದೂರ ಹೋಗಿದೆ, ಗಾಳಿ ಒಯ್ದಿರಬೇಕು ಅಂತ ಒಬ್ಬಳು. ಗಣಪತಿ ಮೇಯಿಸಿದ ದನಗಳು ಗಂಗಾವಳಿ ಹೊಳೆ ದಾಟಿ ಹೋದ ಅಂಕೋಲೆಯ ದನಗಳೇ ಅಂತ ನಾನು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಮನೆಗೆ ಹೋಗಿ ಯೋಚಿಸಿದಾಗ ನನಗೇ ನಾಚಿಕೆ ಆಯಿತು. ದನ ಎಲ್ಲಿಯದು ಅಂತ ಕಥೆ ಹೇಳುವುದಿಲ್ಲ. ಊರಿನ ಅಭಿಮಾನಕ್ಕಾಗಿ ನಾನು ಸೇರಿಸಿದ್ದು. ಅದನ್ನು ಇಲ್ಲಿಯೇ ಹಿಂದೆ ತೆಗೆದುಕೊಳ್ಳುತ್ತೇನೆ.

ನಮ್ಮ ವಾದ ಕೇಳಿದ ಹಿರಿಯರೊಬ್ಬರು "ದೇವರ ಕಥೆಗೆ ಹೀಗೆಲ್ಲ ಪ್ರಶ್ನೆ ಕೇಳಬಾರದು" ಅಂದರು. ಅವರ ಮೇಲೆ ನನಗೆ ಗೌರವ ಇದೆ, ಆದರೆ ಈ ಮಾತು ಒಪ್ಪಲಾರೆ. ತಾಳಮದ್ದಲೆಯಲ್ಲಿ ನಡೆಯುವುದು ಇದೇ ಅಲ್ಲವೇ? ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತು ವಾದ ಮಾಡುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ರಾಮನನ್ನೇ ಕೇಳುತ್ತಾನೆ. ಕೇಳಿದವರಿಗೆ ಪಾಪ ಬಂತು ಅಂತ ಯಾರೂ ಹೇಳಲಿಲ್ಲ. ಒಂದೇ ಕಟ್ಟು: ಕಥೆ ಹೇಳಿದ್ದನ್ನು ಬಿಟ್ಟು ಹೋಗಬಾರದು.

ಆ ಕಟ್ಟು ಇಟ್ಟುಕೊಂಡೇ ಈಗ ರಾವಣನ ವಿಚಾರ ನೋಡೋಣ. ಈ ಕಥೆ ಗೋಕರ್ಣ ಪುರಾಣದಲ್ಲಿದೆ, ಕಾರವಾರ ಕಡೆಯ ಮನೆಗಳಲ್ಲಿ ಓದುವ ಗುರುಚರಿತ್ರೆಯಲ್ಲೂ ಇದೆ. ಲಂಕೆ ಮುಟ್ಟುವ ತನಕ ಲಿಂಗವನ್ನು ನೆಲಕ್ಕೆ ಇಡಬಾರದು, ಇಟ್ಟರೆ ಅಲ್ಲೇ ನಿಲ್ಲುತ್ತದೆ. ಇದು ಶಿವ ಹಾಕಿದ ಕರಾರು. ವಿಷ್ಣು ಚಕ್ರವನ್ನು ಅಡ್ಡ ಹಿಡಿದ, ಹೊತ್ತು ಮುಳುಗಿದ ಹಾಗೆ ಕಂಡಿತು. ಭಾರತದಲ್ಲಿ ಜಯದ್ರಥನೂ ಹೀಗೇ ಮೋಸ ಹೋದ. ಎರಡೂ ಕಡೆ ಸೂರ್ಯ ನಿಜವಾಗಿ ಮುಳುಗಲಿಲ್ಲ, ಮರೆಯಾದ ಅಷ್ಟೇ. ಇಷ್ಟರ ಮಟ್ಟಿಗೆ ರಾವಣನಿಗೆ ಮೋಸ ಆದದ್ದು ಹೌದು.

"ಇಪ್ಪತ್ತು ಕೈ ಇದ್ದವ ಎರಡರಲ್ಲಿ ಲಿಂಗ ಹಿಡಿದು ಉಳಿದವುಗಳಲ್ಲಿ ಸಂಧ್ಯಾವಂದನೆ ಮಾಡಬಹುದಿತ್ತಲ್ಲ?" ಅಂತ ಗೆಳೆಯನ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಕೈ ಇಪ್ಪತ್ತಿದ್ದರೂ ಮನಸ್ಸು ಒಂದೇ ಅಲ್ಲವೇ ಅಂತ ನನ್ನ ಉತ್ತರ.

ಮುಂದಿನದ್ದು ಮಾತ್ರ ಮೋಸ ಅಲ್ಲ. ದನ ಕಾಯುವ ಮಾಣಿಯ ವೇಷದಲ್ಲಿದ್ದ ಗಣಪತಿ ಮೊದಲೇ ಹೇಳಿದ್ದ: ಭಾರ ಆದರೆ ಮೂರು ಸಲ ಕರೆಯುತ್ತೇನೆ, ಬಾರದಿದ್ದರೆ ಇಟ್ಟುಬಿಡುತ್ತೇನೆ. ರಾವಣ ಒಪ್ಪಿದ. ಗಣಪತಿ ಬಂದದ್ದೇ ಇಡಲಿಕ್ಕೆ, ಬೇಗ ಬೇಗ ಕರೆದ ಅಂತ ನೀವು ಹೇಳಬಹುದು. ಅದೂ ಹೌದು. ಆದರೆ ರಾವಣನಿಗೆ ಅದು ಗೊತ್ತಿರಲಿಲ್ಲ. ಅವನ ಕಣ್ಣಿಗೆ ಕಂಡದ್ದು ಒಬ್ಬ ಸಣ್ಣ ಹುಡುಗ. ಅಂಥ ಹುಡುಗನ ಕೈಗೆ ತಾನು ತಪಸ್ಸು ಮಾಡಿ ಗಳಿಸಿದ್ದನ್ನು ಕೊಟ್ಟ, ಕರೆದಾಗ ಬರಲಿಲ್ಲ, ಕಡೆಗೆ ಹುಡುಗನ ತಲೆಗೇ ಗುದ್ದಿದ. ಗೋಕರ್ಣದ ಮಹಾಗಣಪತಿಯ ತಲೆಯ ಮೇಲೆ ಆ ಪೆಟ್ಟಿನ ಗುರುತು ಇದೆ ಅಂತ ಹೇಳುತ್ತಾರೆ.

ಇದು ನನಗೆ ಯಾಕೆ ಇಷ್ಟು ನಾಟಿತು ಅಂತ ಹೇಳಿಬಿಡುತ್ತೇನೆ. ನಾನು ಐದನೇ ತರಗತಿಯಲ್ಲಿದ್ದಾಗ ನೆಂಟರೊಬ್ಬರು ಇಶಾಡ ಮಾವಿನ ಹಣ್ಣಿನ ಬುಟ್ಟಿ ನನ್ನ ತಲೆಯ ಮೇಲಿಟ್ಟು, "ನೆಲಕ್ಕೆ ಇಡಬೇಡ, ಜಜ್ಜಿ ಹೋಗ್ತದೆ, ಈಗ ಬಂದೆ" ಅಂತ ಚಾ ಕುಡಿಯಲು ಹೋದರು. ನಾನು ಮೂರಲ್ಲ, ಆರು ಸಲ ಕರೆದೆ. ಕುತ್ತಿಗೆ ನೋವು ತಡೆಯಲಾರದೆ ಇಳಿಸುವಾಗ ಬುಟ್ಟಿ ಮಗುಚಿತು. ಅವರು ಬಂದವರೇ ಎಲ್ಲರೆದುರು ನನ್ನ ತಲೆಗೆ ಕುಟ್ಟಿದರು. ಹಣ್ಣು ಹೋದದ್ದಕ್ಕೆ ನನಗೂ ಬೇಸರ ಇತ್ತು. ಆದರೆ ನಾನು ಕರೆದದ್ದು ಕೇಳಿತ್ತೋ ಇಲ್ಲವೋ ಅಂತ ಅವರು ಇಂದಿನವರೆಗೂ ಹೇಳಲಿಲ್ಲ.

ನಮ್ಮ ತರಗತಿಯಲ್ಲೇ ತಮ್ಮನನ್ನು ಎತ್ತಿಕೊಂಡು ಕೂತು ಶಾಲೆ ತಪ್ಪಿಸುವವರಿದ್ದಾರೆ, ದನ ಕಾದು ಪಾಠ ತಪ್ಪಿಸಿಕೊಂಡವರಿದ್ದಾರೆ. ಮಾರ್ಕ್ಸು ಕಡಿಮೆ ಬಂದರೆ ಪೆಟ್ಟು ಅವರಿಗೇ. ಕೆಲಸ ಕೊಡಬೇಡಿ ಅಂತ ನಾನು ಹೇಳುವುದಿಲ್ಲ, ಮನೆ ಅಂದಮೇಲೆ ಕೆಲಸ ಇರ್ತದೆ. ಹೊರಿಸುವ ಮೊದಲು ಎಷ್ಟು ಹೊತ್ತು ಹೊರಬಲ್ಲೆ ಅಂತ ಕೇಳಿ, ಕರೆದಾಗ ಬನ್ನಿ.

ಅಂಕೋಲೆಗೆ ಏನೂ ಬೀಳದ್ದು ಯಾಕೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಿದ್ದವರು ಕಾಗದದಲ್ಲಿ ಬರೆದು ಪಕ್ಕದಲ್ಲೇ ಅಂಟಿಸಿ. ಕಥೆಯಲ್ಲಿ ಇಲ್ಲದ್ದನ್ನು ಮಾತ್ರ ಸೇರಿಸಬೇಡಿ. ತಪ್ಪಿದ್ದರೆ ಕ್ಷಮೆ ಇರಲಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿ