ನದಿ ದಾಟಿದ ಗರ್ಭಿಣಿ ಮತ್ತು ಈಜು ಬಾರದ ನಾವು

2014ರ ಜುಲೈ ತಿಂಗಳ ಕೊನೆಯ ದಿನಗಳು. ಸುರಪುರ ಸೀಮೆಯ ನೀಲಕಂಠರಾಯನ ಗಡ್ಡಿ ಎಂಬ ನಡುಗಡ್ಡೆಯ ಸುತ್ತ ಕೃಷ್ಣೆ ಉಕ್ಕಿ ಹರಿಯುತ್ತಿದ್ದಳು. ಊರಿನಲ್ಲಿ ವೈದ್ಯಕೀಯ ಸೌಲಭ್ಯವಿರಲಿಲ್ಲ. ತುಂಬು ಗರ್ಭಿಣಿಯೋರ್ವಳು ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಪ್ರವಾಹಕ್ಕಿಳಿದಳು. ತಂದೆ ಮತ್ತು ಸಹೋದರ ಜೊತೆಗಿದ್ದರು. ಆಕೆ ಈಜಿ ದಡ ಸೇರಿ ಕಕ್ಕೇರಾ ತಲುಪಿದಳು.

ದೇಶ ವಿದೇಶಗಳ ಮಾಧ್ಯಮಗಳು ಈ ಸಾಹಸವನ್ನು ಕೊಂಡಾಡಿದವು. ಆದರೆ ಹೆರಿಗೆಗಾಗಿ ಹೆಣ್ಣೊಬ್ಬಳು ನದಿ ಈಜಬೇಕಾಗಿ ಬಂದುದು ಸಾಹಸವೋ, ಆಡಳಿತಕ್ಕಾದ ಅವಮಾನವೋ? ಇದು ಕೇಳಲೇಬೇಕಾದ ಪ್ರಶ್ನೆ. ಇನ್ನೊಂದು ಪ್ರಶ್ನೆ ನಮ್ಮನ್ನು ಉದ್ದೇಶಿಸಿದ್ದು. ಆಕೆಯ ಸ್ಥಾನದಲ್ಲಿ ನಮ್ಮ ಮಗಳಿದ್ದಿದ್ದರೆ?

ಬಳಿಚಕ್ರದಂತಹ ಊರುಗಳು ನಡುಗಡ್ಡೆಗಳಲ್ಲ, ನಿಜ. ಆದರೆ ಬಾವಿ, ಕೆರೆ, ಕೃಷಿ ಹೊಂಡಗಳಿಲ್ಲದ ಊರು ಯಾವುದಿದೆ? 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ನೀರು ಜಾತಿ ಮತ ಕೇಳಲಿಲ್ಲ. ಹುಡುಗರು ಬಾವಿಗೆ ಹಾರಿ ಹೇಗೋ ಈಜು ಕಲಿಯುತ್ತಾರೆ. ಹುಡುಗಿಯರಿಗೆ ಆ ಅವಕಾಶವನ್ನೂ ನಾವು ಕೊಡುವುದಿಲ್ಲ. ಮರ್ಯಾದೆಯ ಹೆಸರಿನಲ್ಲಿ ಅವರ ದೇಹವನ್ನು ದುರ್ಬಲಗೊಳಿಸಿ, ಆಪತ್ತು ಬಂದಾಗ ವಿಧಿಯನ್ನು ಹಳಿಯುತ್ತೇವೆ. ಮಹಿಳೆಯರಿಗೆ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು ಬೇಕೆಂದಾದರೆ ಅದನ್ನು ಏರ್ಪಡಿಸುವ ಹೊಣೆಯೂ ನಮ್ಮದೇ ಅಲ್ಲವೇ?

ಈ ಭಾಗದ ಹಳ್ಳಿಗಳಲ್ಲಿ ತಾಲೀಮು ಮನೆಗಳು ಇದ್ದವು. ಎಲ್ಲ ಸಮುದಾಯಗಳ ಯುವಕರೂ ಅಲ್ಲಿ ಬೆವರು ಸುರಿಸುತ್ತಿದ್ದರು. ಇಂದು ಪಟ್ಟಣದ ಜಿಮ್‌ಗಳಲ್ಲಿ ಕನ್ನಡಿಯೆದುರು ತೋಳು ಬೆಳೆಸುವ ಯುವಕನಿಗೆ, ಮುಳುಗುತ್ತಿರುವವನತ್ತ ತಾನೇ ಜಿಗಿಯುವ ಮೊದಲು ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕೆಂಬುದು ತಿಳಿದಿದೆಯೇ? ರಕ್ಷಿಸಲು ಹೋದವನೂ ಮುಳುಗುವುದು ಈ ಅಜ್ಞಾನದಿಂದಲೇ. ಉಸಿರು ನಿಂತರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗತೊಡಗುತ್ತದೆ. 108ರ ವಾಹನ ಅಷ್ಟರೊಳಗೆ ಹಳ್ಳಿ ತಲುಪುವುದು ಕಷ್ಟ. ಬಾಯಿಯಿಂದ ಉಸಿರು ಕೊಡುತ್ತಾ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಅದನ್ನು ದಣಿಯದೆ ಮುಂದುವರಿಸಲು ಮಾತ್ರ ದೇಹದಲ್ಲಿ ಕಸುವಿರಬೇಕು. ದೇಹದಾರ್ಢ್ಯದ ನಿಜವಾದ ಪರೀಕ್ಷೆ ಅಲ್ಲಿದೆ.

ಹಾಗೆಂದು ಜನರಿಗೆ ಈಜು ಕಲಿಸಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ನಾರಾಯಣಪುರ ಜಲಾಶಯದಿಂದ ಯಾವ ತಿಂಗಳುಗಳಲ್ಲಿ ನೀರು ಬಿಡಬೇಕಾಗುತ್ತದೆ ಎಂಬುದು ಅಧಿಕಾರಿಗಳಿಗೆ ಹೊಸದಲ್ಲ. ಗರ್ಭಿಣಿಯರ ಹೆರಿಗೆಯ ಅಂದಾಜು ದಿನಾಂಕಗಳು ಆಶಾ ಕಾರ್ಯಕರ್ತೆಯರ ಬಳಿ ಇರುತ್ತವೆ. ನದಿದಂಡೆಯ ಪ್ರತಿ ಊರಿನಲ್ಲೂ ಈ ಎರಡು ಮಾಹಿತಿಗಳನ್ನು ಮಳೆಗಾಲಕ್ಕೆ ಮುನ್ನವೇ ಒಟ್ಟಿಗಿಟ್ಟು ನೋಡಬೇಕು. ದಿನ ತುಂಬುತ್ತಿರುವವರನ್ನು ನದಿ ಉಕ್ಕುವ ಮುಂಚೆಯೇ ಆಸ್ಪತ್ರೆಯ ಸಮೀಪಕ್ಕೆ ಕರೆತರಬೇಕು.