ಏರ್‌ಗನ್ ಮೂತಿಗೆ ಸುಳ್ಳು ಸೈಲೆನ್ಸರ್ ಯಾಕ್ರೀ?

ಮೊನ್ನೆ ಸಂತೆ ದಿನ ಪರಿಚಯದ ಹುಡುಗನೊಬ್ಬ ಮೊಬೈಲ್ ಚಾಚಿ ಫೋಟೋ ತೋರಿಸಿದ. ಜೋಳದ ಹೊಲದ ಬದು, ಅವನ ಕೈಯಲ್ಲಿ ಏರ್‌ಗನ್, ನಳಿಗೆ ತುದಿಯಲ್ಲಿ ಗೇಣುದ್ದದ ಕಪ್ಪು ಕೊಳವೆ. "ಸೈಲೆನ್ಸರ್ ಅಣ್ಣಾ, ಸಾವಿರದ ಎಂಟುನೂರು ಕೊಟ್ಟೆ" ಅಂದ. ಅವನ ಮನೆಗೇ ಹೋಗಿ ಬಿಚ್ಚಿ ನೋಡಿದೆವು. ಒಳಗೆ ಏನೂ ಇಲ್ಲ. ಎರಡು ತಿರುಪು, ಒಂದು ಪ್ಲಾಸ್ಟಿಕ್ ಪೈಪು. ನಲ್ಲಿ ರಿಪೇರಿಯವನ ಚೀಲದಲ್ಲಿ ಇಂಥದ್ದು ಹತ್ತು ಸಿಗುತ್ತವೆ.

ಮಂಗ ಓಡಿಸಬೇಕು ಅಂತ ಏರ್‌ಗನ್ ಕೊಂಡವರನ್ನು ನಾವು ಇಲ್ಲಿ ಬೈಯುತ್ತಿಲ್ಲ. ಬೆಳೆ ಕಳೆದುಕೊಂಡವನ ಸಂಕಟ ನಮಗೂ ಗೊತ್ತು. ನಮ್ಮ ತಕರಾರು ಈ ಕೊಳವೆಯ ಮೇಲೆ.

ಇದು ಹುಟ್ಟಿದ ಜಾಗ ನಮ್ಮದಲ್ಲ. ಅಮೆರಿಕದಲ್ಲಿ 1934ರ ಒಂದು ಕಾನೂನು ಅಸಲಿ ಸೈಲೆನ್ಸರ್ ಮೇಲೆ ನೋಂದಣಿ ಮತ್ತು 200 ಡಾಲರ್ ತೆರಿಗೆ ಹೇರಿತು. ಅದು ಬೇಡ, ನೋಟ ಮಾತ್ರ ಸಾಕು ಅನ್ನುವವರಿಗೆ ಅಲ್ಲಿ ನಕಲಿ ಮಾಲು ಮಾರಾಟವಾಗುತ್ತದೆ. ನಮ್ಮ ಹುಡುಗರಿಗೆ ಇದರ ಪರಿಚಯ ಆಗಿದ್ದು ಸಿನಿಮಾದಿಂದ, ಆಮೇಲೆ ಪಬ್ಜಿಯಿಂದ. ಆಟದಲ್ಲಿ ಗನ್ ತುದಿಗೆ ಸಪ್ರೆಸರ್ ಹಾಕಿದರೆ ಸದ್ದು ಇಳಿಯುತ್ತದೆ, ಫ್ಲ್ಯಾಶ್ ಹೈಡರ್ ಹಾಕಿದರೆ ಬೆಂಕಿ ಕಾಣುವುದಿಲ್ಲ. ಹೊಲದಲ್ಲಿ ಹಾಗಾಗುತ್ತದೆಯೇ?

ಅಸಲಿ ಸೈಲೆನ್ಸರ್ ಕೆಲಸ ಮಾಡುವುದು ಹೀಗೆ: ಮದ್ದು ಉರಿದು ಹುಟ್ಟಿದ ಬಿಸಿ ಗಾಳಿ ಗುಂಡಿನ ಹಿಂದೆಯೇ ನುಗ್ಗುತ್ತದೆ. ಕೊಳವೆಯೊಳಗಿನ ಸಣ್ಣ ಸಣ್ಣ ಕೋಣೆಗಳಲ್ಲಿ ಅದು ಸಿಕ್ಕಿ, ತಣಿದು, ನಿಧಾನ ಹೊರಬರುತ್ತದೆ. ಆದರೆ ನಮ್ಮೂರುಗಳಲ್ಲಿ ಹೆಚ್ಚಾಗಿ ಕಾಣುವುದು ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಏರ್‌ಗನ್. ಅದರಲ್ಲಿ ಮದ್ದೇ ಇಲ್ಲ. ನಿಮಗೆ ಕೇಳುವ "ಟಪ್" ಹೆಚ್ಚಿನ ಪಾಲು ಬರುವುದು ನಿಮ್ಮ ಕೆನ್ನೆಯ ಪಕ್ಕ ಬಡಿಯುವ ಸ್ಪ್ರಿಂಗು ಮತ್ತು ಪಿಸ್ಟನ್‌ನಿಂದ. ಸದ್ದು ಹಿಂದೆ, ಮುಚ್ಚಳ ಮುಂದೆ! ಇನ್ನು ಫ್ಲ್ಯಾಶ್ ಹೈಡರ್. ಬೆಂಕಿಯೇ ಇಲ್ಲದ ಕಡೆ ಬೆಂಕಿ ಮುಚ್ಚುವ ಸಾಮಾನು. ಒಲೆ ಇಲ್ಲದ ಮನೆಗೆ ಚಿಮಣಿ ಕಟ್ಟಿದ ಹಾಗೆ.

ಒಂದು ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ. ನಳಿಗೆ ಮಡಚುವಾಗ ತುದಿಯಲ್ಲಿ ಹಿಡಿತ ಉದ್ದವಾಗುತ್ತದೆ, ಸ್ಪ್ರಿಂಗ್ ಎಳೆಯುವುದು ಸ್ವಲ್ಪ ಹಗುರ. ಕಂಪನಿಯೇ ಅದಕ್ಕಾಗಿ ಕೂರಿಸಿ ಕೊಟ್ಟಿದ್ದರೆ ಇರಲಿ ಬಿಡಿ.

ಆದರೆ ಆಮೇಲೆ ಕೊಂಡು ಸಿಕ್ಕಿಸಿದ ಕೊಳವೆಯ ಮಾತೇ ಬೇರೆ. ಗುಂಡು ನಳಿಗೆ ಬಿಡುವ ಕೊನೆಯ ಅಂಚು ಇದೆಯಲ್ಲ, ಗುರಿ ಕೆಡುವುದೂ ಕೂಡುವುದೂ ಅಲ್ಲೇ. ಕೊಳವೆ ಕೂದಲೆಳೆಯಷ್ಟು ಓರೆಯಾದರೆ ಗುಂಡು ಒಳಗೋಡೆ ಸವರಿ ಹೋಗುತ್ತದೆ. ತಿರುಪು ಬಿಗಿದ ಕಡೆ ನಳಿಗೆಗೆ ಗಾಯ. ತುದಿಗೆ ಭಾರ ಬಿದ್ದರೆ ಮೊದಲು ಕೂರಿಸಿದ ಗುರಿ ಬದಲಾಗುತ್ತದೆ. ಆ ಹುಡುಗನ ಹಿತ್ತಲಲ್ಲೇ ತೆಂಗಿನ ಚಿಪ್ಪು ಇಟ್ಟು ಹೊಡೆಸಿದೆವು. ಕೊಳವೆ ಇದ್ದಾಗ ಐದರಲ್ಲಿ ಎರಡು ತಾಗಿದವು, ಬಿಚ್ಚಿದ ಮೇಲೆ ನಾಲ್ಕು. ಇದೇನು ದೊಡ್ಡ ಸಂಶೋಧನೆ ಅಲ್ಲ, ಆದರೆ ಅವನ ಮುಖ ನೋಡಬೇಕಿತ್ತು.

ದುಡ್ಡು ಹೋದರೆ ಹೋಗಲಿ, ಇನ್ನೂ ದುಡಿಯಬಹುದು. ನಮಗೆ ಹೆದರಿಕೆ ಇರುವುದು ಕತ್ತಲಿಗೆ. ರಾತ್ರಿ ಹಂದಿ ಕಾಯಲು ಹೊಲಕ್ಕೆ ಹೋಗುತ್ತೀರಿ. ಕಾಡಂಚಿನಲ್ಲಿ ಅರಣ್ಯ ಸಿಬ್ಬಂದಿ ಗಸ್ತು ಬರುತ್ತಾರೆ. ದೂರದಿಂದ, ಟಾರ್ಚ್ ಬೆಳಕಿನಲ್ಲಿ ಅವರಿಗೆ ಕಾಣುವುದು ಸೈಲೆನ್ಸರ್ ಹಾಕಿದ ರೈಫಲ್. ಕಳ್ಳಬೇಟೆಯವನ ಗುರುತೇ ಅದು. ಒಳಗೆ ಪ್ಲಾಸ್ಟಿಕ್ ಇದೆಯೋ ಉಕ್ಕಿದೆಯೋ ಅಂತ ಅವರು ಹತ್ತಿರ ಬಂದು ತಟ್ಟಿ ನೋಡುತ್ತಾರೆಯೇ?

ಕಾನೂನೂ ಕೇಳಿಕೊಳ್ಳಿ. 0.177 ಇಂಚಿನ, 20 ಜೂಲ್ ಒಳಗಿನ ಏರ್‌ಗನ್‌ಗೆ ಪರವಾನಗಿ ಬೇಡ, ನಿಜ. ಆದರೆ ಬಂದೂಕಿನ ಸದ್ದು, ಬೆಂಕಿ ತಗ್ಗಿಸುವ ಸಾಧನಗಳನ್ನು ನಮ್ಮ ಶಸ್ತ್ರಾಸ್ತ್ರ ನಿಯಮಗಳು ನಿಷೇಧಿತ ವರ್ಗಕ್ಕೆ ಸೇರಿಸಿವೆ. ನಿಮ್ಮದು ಡಮ್ಮಿ ಅಂತ ವಿವರಿಸುವ ಹೊಣೆ ನಿಮ್ಮ ತಲೆಗೆ, ಅದೂ ಠಾಣೆಯ ಬೆಂಚಿನ ಮೇಲೆ ಕೂತು. ಮಾರಿದವನು ಅಲ್ಲಿಗೆ ಬರುವುದಿಲ್ಲ. ಜಾಹೀರಾತಿನಲ್ಲಿ "ಸೈಲೆನ್ಸರ್" ಅಂತ ದಪ್ಪಕ್ಷರ, ಬಿಲ್ಲಿನಲ್ಲಿ "ಅಲಂಕಾರಿಕ ಬಿಡಿಭಾಗ". ಈ ಜಾಣತನಕ್ಕೆ ಏನನ್ನಬೇಕು? ನವಿಲಿಗೋ ಮಂಗಕ್ಕೋ ಗುಂಡು ತಾಗಿದರಂತೂ 1972ರ ವನ್ಯಜೀವಿ ಕಾಯ್ದೆ ಬೇರೆ ಕಾದಿದೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಠಾಣೆಯ ಮೇಜಿನ ಮೇಲೆ ವಶಪಡಿಸಿಕೊಂಡ ಏರ್‌ಗನ್ ಇಟ್ಟು ಫೋಟೋಗೆ ಕರೆದಾಗ, ಆ ಕಪ್ಪು ಕೊಳವೆ ಚೆನ್ನಾಗಿ ಕಾಣುವ ಕೋನವನ್ನೇ ಹುಡುಕಿದವರು ನಾವು. "ಅತ್ಯಾಧುನಿಕ ಬಂದೂಕು" ಅಂತ ಶೀರ್ಷಿಕೆ ಕೊಟ್ಟು ಕಳಿಸಿದ್ದೂ ಉಂಟು. ಮರುದಿನ ಆ ಹುಡುಗನ ಅಪ್ಪ ಪೇಪರ್ ಮಡಚಿಕೊಂಡು ನಮ್ಮನ್ನು ಹುಡುಕಿ ಬಂದಿದ್ದರು. ಏನೂ ಬೈಯಲಿಲ್ಲ, "ಅದು ಪ್ಲಾಸ್ಟಿಕ್ಕು ಸಾರ್" ಅಂದರು.

ಹಾಗಂತ ಕೋವಿಗೆ ಸಿಂಗಾರವೇ ಕೂಡದು ಅಂತಲ್ಲ. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ, ಒಡಿಕತ್ತಿ ತೊಳೆದಿಟ್ಟು, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂವು. ಕೆಂಪು ಹಳದಿಯ ಚೆಂದದ ಹೂ. ಅದು ಸದ್ದು ತಗ್ಗಿಸುತ್ತೇನೆ ಅಂತ ಯಾರಿಗೂ ಸುಳ್ಳು ಹೇಳುವುದಿಲ್ಲ, ಸಾವಿರದ ಎಂಟುನೂರೂ ಕೇಳುವುದಿಲ್ಲ.

ಆನ್‌ಲೈನಿನಲ್ಲಿ ತರಿಸಿದವರು ವಾಪಸ್ ಕಳಿಸುವ ಗಡುವು ಇನ್ನೂ ಇದೆಯೇ ಅಂತ ಇವತ್ತೇ ನೋಡಿ. ಆ ದುಡ್ಡಿಗೆ ಒಳ್ಳೆಯ ಪೆಲೆಟ್ ಡಬ್ಬಿಗಳು, ನಳಿಗೆ ಒರೆಸುವ ಕಡ್ಡಿ ಬಂದೀತು. ಗಡುವು ಮುಗಿದಿದ್ದರೆ ಬಿಚ್ಚಿ ಅಟ್ಟಕ್ಕೆ ಎಸೆಯಿರಿ. ನಮ್ಮ ಹುಡುಗ ಅದನ್ನು ಟೊಮೆಟೊ ಗಿಡಕ್ಕೆ ಊರುಗೋಲು ಮಾಡಿದ್ದಾನೆ.