ಪುಸ್ತಕ ಮಾರುವವನು ಓದಬಾರದೇ?

ಪುಸ್ತಕಪ್ರೇಮಿಯಾದವನು ಪುಸ್ತಕದಂಗಡಿಯ ಕೆಲಸಕ್ಕೆ ಸೇರಬಾರದು ಎಂಬ ಮಾತೊಂದು ವಿದ್ಯಾವಂತರಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಮಿಠಾಯಿ ಅಂಗಡಿಯವನಿಗೆ ಸಿಹಿ ಬೇಡವಾಗುವಂತೆ ಇವನಿಗೂ ಓದು ಬೇಡವಾಗುತ್ತದೆಯಂತೆ! ಈ ಮಾತಿಗೆ ಘನವಾದ ಸಾಕ್ಷಿಯೂ ಉಂಟು. ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ 1934ರಿಂದ 1936ರ ಆರಂಭದವರೆಗೆ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ದುಡಿದ. ಅಲ್ಲಿದ್ದಾಗ ಪುಸ್ತಕಗಳ ಮೇಲಿನ ತನ್ನ ಪ್ರೀತಿಯೇ ಹೊರಟುಹೋಯಿತೆಂದು 1936ರ ಪ್ರಬಂಧವೊಂದರಲ್ಲಿ ದೂರಿದ. ಮಾರುವವನು ಪುಸ್ತಕಗಳ ವಿಚಾರದಲ್ಲಿ ಸುಳ್ಳು ಹೇಳಬೇಕು, ಸದಾ ಧೂಳು ಕೊಡವುತ್ತ ಅವನ್ನು ಅತ್ತಿಂದಿತ್ತ ಹೊರುತ್ತಿರಬೇಕು ಎಂಬುದು ಆತನ ಸಂಕಟ.

ಆರ್ವೆಲ್ ದೊಡ್ಡ ಲೇಖಕನೆಂಬುದರಲ್ಲಿ ಸಂದೇಹವಿಲ್ಲ. ಆದರೂ ಪಾಟೀಸವಾಲಿಲ್ಲದೆ ಈ ಸಾಕ್ಷಿಯನ್ನು ಒಪ್ಪಲಾಗದು. ಅದೇ ಪ್ರಬಂಧದಲ್ಲಿ ಒಬ್ಬ ಮುದುಕಿ ಬರುತ್ತಾಳೆ. 1897ರಲ್ಲಿ ಓದಿದ ಒಂದು ಒಳ್ಳೆಯ ಪುಸ್ತಕ ಆಕೆಗೆ ಮತ್ತೆ ಬೇಕು. ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ, ಒಳಗೇನಿತ್ತೆಂಬುದೂ ಮರೆತಿದೆ. ರಟ್ಟು ಕೆಂಪಗಿತ್ತೆಂಬುದಷ್ಟೇ ನೆನಪು. ಆರ್ವೆಲ್ಲನಿಗೆ ಇದು ನಗೆಪಾಟಲಿನ ಸಂಗತಿ. ನಾನಾದರೋ, ಈ ಕೆಲಸದ ಸುಖವಿರುವುದೇ ಇಲ್ಲಿ ಎನ್ನುತ್ತೇನೆ. ಕಥೆಯೋ ಪ್ರವಾಸವೋ, ನಗಿಸಿತೋ ಅಳಿಸಿತೋ ಎಂದು ನಾಲ್ಕು ಪ್ರಶ್ನೆ ಕೇಳಿ, ಕಪಾಟಿನ ಮೂಲೆಯಿಂದ ಪುಸ್ತಕವೊಂದನ್ನು ಎಳೆದು ಮುಂದಿಟ್ಟಾಗ ಎದುರಿನ ಮುಖ ಅರಳುವುದನ್ನು ನೋಡುವ ಭಾಗ್ಯ ಬೇರೆ ಯಾವ ಗುಮಾಸ್ತನಿಗುಂಟು? ಹೊಸ ಕಟ್ಟು ಬಿಚ್ಚಿದಾಗ ಏಳುವ ಶಾಯಿಯ ವಾಸನೆಯನ್ನು ಊರಿನಲ್ಲಿ ಮೊದಲು ಸವಿಯುವವನೂ ಅವನೇ ಅಲ್ಲವೇ?

ಇನ್ನು ಸುಳ್ಳಿನ ಮಾತು. ಓದದವನಿಗೆ ಸುಳ್ಳು ಅನಿವಾರ್ಯ. ಎಲ್ಲವನ್ನೂ 'ಬಹಳ ಚೆನ್ನಾಗಿದೆ ಸಾರ್' ಎನ್ನದೆ ಅವನಿಗೆ ಗತಿಯಿಲ್ಲ. ಓದಿದವನಾದರೆ, 'ಇದು ಬೇಡ ಸ್ವಾಮಿ, ನಿಮಗೆ ಅದು ಹಿಡಿಸೀತು' ಎನ್ನಬಲ್ಲ. ಆ ಹೊತ್ತಿನ ವ್ಯಾಪಾರ ತಪ್ಪಬಹುದು, ಗಿರಾಕಿ ಉಳಿಯುತ್ತಾನೆ.

ಇದು ಬರಿಯ ಕಲ್ಪನೆಯಲ್ಲ. ಕನ್ನಡ ಕಾದಂಬರಿಗೆ ಓದುಗರನ್ನು ಗಳಿಸಿಕೊಟ್ಟ ಗಳಗನಾಥರು (1869-1942) ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದವರು. ಹೊರೆಯಿಂದ ಅವರ ಪ್ರೀತಿ ಬತ್ತಿತೇ? ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬಳಿ ಪ್ರೀಮಿಯರ್ ಬುಕ್‌ಶಾಪನ್ನು 1971ರಿಂದ 2009ರವರೆಗೆ ನಡೆಸಿದ ಟಿ. ಎಸ್. ಶಾನಭಾಗರನ್ನು ಆ ಊರಿನ ಓದುಗರು ಮರೆತಿಲ್ಲ. ಮಾಡು ಮುಟ್ಟುವಂತೆ ಪೇರಿಸಿದ ರಾಶಿಯೊಳಗಿಂದ, ಕಂಪ್ಯೂಟರಿನ ಹಂಗಿಲ್ಲದೆ, ಕೇಳಿದ್ದನ್ನು ತೆಗೆದುಕೊಡುತ್ತಿದ್ದರು. 2021ರಲ್ಲಿ ಅವರು ತೀರಿಕೊಂಡಾಗ ಓದುಗರು ಮರುಗಿದ್ದು ಒಬ್ಬ ವ್ಯಾಪಾರಿಗಾಗಿ ಮಾತ್ರವೇ?

ಹೀಗಿದ್ದೂ ಅನೇಕ ಮಾಲೀಕರಿಗೆ ಓದುವ ನೌಕರನೆಂದರೆ ಕೆಲಸಗಳ್ಳ. ಪುಸ್ತಕ ತೆರೆದನೆಂದರೆ ಗದರಿಸುತ್ತಾರೆ, 'ನಿನಗೇಕೆ ಓದು? ಕಂಪ್ಯೂಟರ್ ಹೇಳುತ್ತದಲ್ಲ!' ಎನ್ನುತ್ತಾರೆ. ಕಂಪ್ಯೂಟರ್ ಹೇಳುತ್ತದೆ, ನಿಜ. ಅದಕ್ಕೆ ಮೊದಲು ನಾವು ಪುಸ್ತಕದ ಹೆಸರು ಹೇಳಬೇಕು. ಹೆಸರು ಮರೆತ ಮುದುಕಿಗೆ ಬೇಕಾದದ್ದು ಓದಿದ ಮನುಷ್ಯ. ಬಟ್ಟೆಯಂಗಡಿಯವನು ನೂಲನ್ನು ಬೆರಳಲ್ಲಿ ಹೊಸೆದು ನೋಡಿದರೆ ಜಾಣ, ಪುಸ್ತಕದಂಗಡಿಯವನು ಪುಟ ತಿರುವಿದರೆ ಸೋಮಾರಿ! ಇದೆಂಥ ನ್ಯಾಯ?

ಬೇರೆ ಕೆಲವರದು ಇದಕ್ಕಿಂತ ನಯವಾದ ವಾದ: 'ಪುಸ್ತಕಗಳ ನಡುವೆ ಇರುವ ಸುಖವೇ ಇದೆಯಲ್ಲ, ಸಂಬಳ ಹೆಚ್ಚೇಕೆ?' ಈ ಸುಖದಿಂದ ಮನೆ ಬಾಡಿಗೆ ಸಲ್ಲುವುದಿಲ್ಲ, ಹಾಲಿನವನು ಒಪ್ಪುವುದಿಲ್ಲ. ಒಲವಿನಿಂದ ದುಡಿಯುವವನ ಕೂಲಿಯಲ್ಲಿ ಆ ಒಲವಿನ ಬೆಲೆಯನ್ನು ಮುರಿದುಕೊಳ್ಳುವುದು ಸಭ್ಯ ಕಳ್ಳತನ. ಪುಸ್ತಕಪ್ರೇಮಿಯ ಪ್ರೀತಿಯನ್ನು ಕೊಲ್ಲುವುದು ಅಂಗಡಿಯ ಧೂಳಲ್ಲ, ಅರೆಹೊಟ್ಟೆ ಮತ್ತು ಗದರಿಕೆ. ಆರ್ವೆಲ್ ಸಹ, ತನ್ನ ಮಾಲೀಕನ ದಯೆಯನ್ನೂ ಅಂಗಡಿಯಲ್ಲಿ ಕಳೆದ ಕೆಲವು ಸಂತೋಷದ ದಿನಗಳನ್ನೂ ಅಲ್ಲಗಳೆದಿಲ್ಲ.

ವಾಚಕರಾದ ನಾವೂ ಈ ಪಾಪದಲ್ಲಿ ಪಾಲುದಾರರು. ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು, ಅಲ್ಲಿಯವನ ಸಲಹೆ ಪಡೆದು, ಮುಖಪುಟದ ಚಿತ್ರ ತೆಗೆದುಕೊಂಡು, ಮನೆಗೆ ಬಂದು ನಾಲ್ಕು ಕಾಸು ಕಡಿಮೆಗೆ ಫೋನಿನಲ್ಲಿ ತರಿಸಿಕೊಳ್ಳುವವರು ಎಷ್ಟು ಮಂದಿ! ಸಲಹೆಗೆ ಬೆಲೆ ಕೊಡದಿದ್ದರೆ ಸಲಹೆ ಕೊಡುವವನು ಉಳಿಯುವುದು ಹೇಗೆ?

ಮಾಲೀಕರಲ್ಲಿ ನನ್ನ ಬೇಡಿಕೆ ಎರಡೇ. ಕೆಲಸಕ್ಕೆ ಬಂದವನನ್ನು, ಲೆಕ್ಕ ಬರುತ್ತದೆಯೇ ಎಂದು ಕೇಳುವ ಮೊದಲು, ಈಚೆಗೆ ಏನು ಓದಿದಿರಿ ಎಂದು ಕೇಳಿ. ಉತ್ತರ ಕೇಳಿ ಸಂತೋಷವಾದರೆ, ಆ ಸಂತೋಷ ಸಂಬಳದಲ್ಲಿ ಕಾಣಲಿ.